ತಲೆಕೆಳಗಾದ ಯಂತ್ರಕ್ಕೊಂದು ಮೇಜು

ಮನೆಯಲ್ಲಿಯೇ ಮರಗೆಲಸ ಮಾಡಿಕೊಳ್ಳುವ ಹವ್ಯಾಸವುಳ್ಳ ವಾಚಕರಲ್ಲಿ ಹಲವರು ಉಳಿ, ಕೊಡತಿ, ಗರಗಸಗಳ ಜತೆಗೆ ವಿದ್ಯುತ್ತಿನಿಂದ ನಡೆಯುವ ರೌಟರ್ ಯಂತ್ರವನ್ನೂ ಈಗ ಇರಿಸಿಕೊಂಡಿರುವರು. ಅಂಚನ್ನು ಉರುಟು ಮಾಡುವುದಕ್ಕೂ, ಚೌಕಟ್ಟಿನಲ್ಲಿ ಗಾಜು ಕೂರುವಂತೆ ತೋಡು ತೆಗೆಯುವುದಕ್ಕೂ ಇದು ಬಹಳ ಒದಗುವ ಉಪಕರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಲಗೆ ಅಗಲವಾಗಿರುವವರೆಗೆ ಮಾತ್ರ ಇದು ಸಾಧುಪ್ರಾಣಿ. ಎರಡು ಬೆರಳಗಲದ ಪಟ್ಟಿಯ ಮೇಲೆ ನಿಲ್ಲಿಸಹೋದರೆ ಅತ್ತಿತ್ತ ವಾಲುವುದು. ವಾಲಿದ ಕ್ಷಣದಲ್ಲಿಯೇ ಅಂಚು ಕೆಡುವುದು.

ನಮಗೆ ಇದು ಮನದಟ್ಟಾದುದು ಒಂದು ತೊಟ್ಟಿಲಿನ ದೆಸೆಯಿಂದ. ನಮ್ಮ ಮಗಳು ಬಾಣಂತಿತನಕ್ಕೆ ತವರಿಗೆ ಬರುವವಳಿದ್ದಳು. ಅಂಗಡಿಯ ತೊಟ್ಟಿಲು ಬೇಡ, ಹಿತ್ತಿಲಿನಲ್ಲಿ ಒಣಗಿಸಿಟ್ಟ ಹಲಸಿನ ಮರದಿಂದ ನಾವೇ ಮಾಡುವೆವೆಂದು ಒಪ್ಪಿಕೊಂಡುಬಿಟ್ಟೆವು. ಸುತ್ತಲೂ ೩೬ ಪಟ್ಟಿಗಳು. ಒಂದೊಂದಕ್ಕೆ ನಾಲ್ಕು ಉದ್ದಂಚುಗಳಂತೆ ೧೪೪ ಅಂಚುಗಳು. ಎಳೆಯ ಕೈ ಹಿಡಿಯತಕ್ಕ ಸ್ಥಳವಾದುದರಿಂದ ಒಂದರಲ್ಲಿಯೂ ಸಿಬಿರು ಇರಕೂಡದು. ಯಂತ್ರವನ್ನು ಪಟ್ಟಿಯ ಮೇಲೆ ಓಡಿಸುವುದು ಆಗದ ಮಾತು. ಹಾಗಾದರೆ ಯಂತ್ರವನ್ನು ತಲೆಕೆಳಗಾಗಿ ನಿಲ್ಲಿಸಿ, ಪಟ್ಟಿಯನ್ನೇ ಅದರ ಮೇಲೆ ಓಡಿಸಬೇಕು. ಇದಕ್ಕಾಗಿಯೇ ಇರುವುದು ರೌಟರ್ ಮೇಜು.

ಮೊದಲ ದಿನ ಅವಸರದಲ್ಲಿ ಒಂದು ಹಲಗೆಗೆ ತೂತು ಕೊರೆದು, ಯಂತ್ರವನ್ನು ಅದರ ಅಡಿಗೆ ತಿರುಪುಗಳಿಂದ ಬಿಗಿದು, ಎರಡು ಮೇಜುಗಳ ನಡುವೆ ಸೇತುವೆಯಂತೆ ಇರಿಸಿಕೊಂಡೆವು. ಆಸರೆಗೆಂದು ಹಿಂದುಗಡೆ ಒಂದು ರೀಪನ್ನು ಕಟ್ಟಿ, ಅದಕ್ಕೂ ತಿರುಗುವ ಅಲಗಿಗೂ ನಡುವಣ ಸಂದಿನಲ್ಲಿ ಪಟ್ಟಿಯನ್ನು ಬಲದಿಂದ ಎಡಕ್ಕೆ ತಳ್ಳಿದೆವು. ಅರ್ಧ ಗೇಣು ಸಾಗಿತ್ತೋ ಇಲ್ಲವೋ, ಪಟ್ಟಿ ಕೈಯಿಂದ ಕಿತ್ತುಕೊಂಡು ಹಾರಿ ಎಡಗಡೆಯ ಗೋಡೆಯ ಗಾರೆಯನ್ನು ಉದುರಿಸಿತು. ಅದರ ಹಿಂದೆಯೇ ಜಾರಿದ ನಮ್ಮ ಬಲಗೈ ಅಲಗಿನಿಂದ ಒಂದಂಗುಲದಲ್ಲಿ ನಿಂತಿತು. ಸದ್ದು ಕೇಳಿ ಓಡಿಬಂದ ಮನೆಯಾಕೆ ಗೋಡೆಯನ್ನು ನೋಡಲಿಲ್ಲ, ನಮ್ಮ ಕೈಯನ್ನು ನೋಡಿದಳು. “ಮಗುವಿಗೆ ತೊಟ್ಟಿಲೊಂದೇ ಸಾಲದು, ತೂಗುವುದಕ್ಕೆ ಅಜ್ಜನ ಬೆರಳುಗಳೂ ಬೇಕು, ನೆನಪಿರಲಿ,” ಎಂದಳು.

ಮರುದಿನ ನಮ್ಮ ಬೀದಿಯ ಆಚಾರ್ರು ಬಂದು ಆ ಹಲಗೆಯನ್ನು ನೋಡಿ, “ಸ್ವಾಮಿ, ಯಂತ್ರ ತಿರುಗುವ ದಿಕ್ಕನ್ನು ಕೇಳದೆ ಕೈಯಿಟ್ಟಿರಲ್ಲ!” ಎಂದು ನಕ್ಕರು. ಸಂಗತಿ ಹೀಗಿದೆ: ಯಂತ್ರವನ್ನು ಕೈಯಲ್ಲಿ ಹಿಡಿದಾಗ ಅಲಗು ಮೇಲಿನಿಂದ ನೋಡುವವರಿಗೆ ಪ್ರದಕ್ಷಿಣವಾಗಿ ತಿರುಗುವುದು, ತಲೆಕೆಳಗು ಮಾಡಿದೊಡನೆ ಅದೇ ಅಪ್ರದಕ್ಷಿಣವಾಗುವುದು. ಮೇಜಿನ ಮುಂದೆ ನಿಂತವರ ಕಡೆಗಿರುವ ಅಲಗಿನ ಮಗ್ಗುಲು ಎಡದಿಂದ ಬಲಕ್ಕೆ ಧಾವಿಸುವುದು. ಆದುದರಿಂದ ಮರವನ್ನು ಬಲದಿಂದ ಎಡಕ್ಕೆ, ಅಂದರೆ ಅಲಗಿಗೆ ಎದುರಾಗಿ ನಡೆಸತಕ್ಕದ್ದು. ಅಲಗಿನ ಹಿಂಬದಿಯಲ್ಲಾದರೋ ಎಲ್ಲವೂ ವಿಪರೀತ. ಅಲ್ಲಿ ಅಲಗು ಎಡಕ್ಕೇ ಓಡುವುದರಿಂದ ನಾವು ತಳ್ಳಿದ ಪಟ್ಟಿಯನ್ನು ಅದೇ ಎಳೆದು ಎಸೆಯಿತು. ಅಲಗಿಗೂ ಆಸರೆಪಟ್ಟಿಗೂ ನಡುವೆ ಮರವನ್ನು ಎಂದಿಗೂ ಸಿಕ್ಕಿಸಬಾರದು. ಅಲಗು ಆಸರೆಪಟ್ಟಿಯೊಳಗೆ ಹುದುಗಿದ್ದು, ಎಷ್ಟು ಕೊರೆಯಬೇಕೋ ಅಷ್ಟೇ ಮುಂದಕ್ಕೆ ಇಣುಕುತ್ತಿರಬೇಕು. ಈ ಲೇಖನದಲ್ಲಿ ಉಳಿದುದನ್ನೆಲ್ಲ ಮರೆತರೂ ವಾಚಕರು ಇದೊಂದನ್ನು ಮರೆಯಬಾರದೆಂದು ನಮ್ಮ ಪ್ರಾರ್ಥನೆ.

ಇನ್ನು ಮೇಜಿನ ವಿಚಾರ. ಮೇಲುಹಲಗೆಗೆ ೧೮ ಮಿಲಿಮೀಟರಿನ ಪ್ಲೈವುಡ್ಡನ್ನು ಎರಡು ಪದರವಾಗಿ ಅಂಟಿಸಿ ೩೬ ಮಿಲಿಮೀಟರು ದಪ್ಪ ಮಾಡಿಕೊಂಡೆವು. ಉದ್ದ ೮೦೦, ಅಗಲ ೬೦೦ ಮಿಲಿಮೀಟರು. ಎಂ.ಡಿ.ಎಫ್. ಹಲಗೆ ಬಹಳ ಸಮತಟ್ಟಾದುದೇನೋ ನಿಜ, ಆದರೆ ನೀರಿನ ಪಸೆ ತಾಗಿದರೆ ಉಬ್ಬುವುದು. ನಮ್ಮ ಕಡೆಯ ಮಳೆಗಾಲವನ್ನು ನೆನೆದು ಅದನ್ನು ಬಿಟ್ಟೆವು. ಮೇಲೆ ಮೈಕಾ ಹಾಳೆ ಹಚ್ಚುವುದಾದರೆ ಕೆಳಮೈಗೂ ಹಚ್ಚಬೇಕು. ಒಂದೇ ಮೈಗೆ ಹಚ್ಚಿದರೆ ಹಲಗೆ ಬಾಗುವುದುಂಟು.

ಇಷ್ಟು ದಪ್ಪದ ಹಲಗೆಗೆ ಯಂತ್ರವನ್ನು ನೇರವಾಗಿ ಬಿಗಿದರೆ ಅಲಗು ಸಾಕಷ್ಟು ಮೇಲಕ್ಕೆ ಬಾರದು. ಆದುದರಿಂದ ನಡುವೆ ೬ ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ತಗಡನ್ನೋ ಬೇಕಲೈಟ್ ಹಲಗೆಯನ್ನೋ ಕೂರಿಸಿ ಅದಕ್ಕೆ ಯಂತ್ರವನ್ನು ತೂಗಹಾಕುವುದು ರೂಢಿ. ಯಂತ್ರದ ತಳದಲ್ಲಿರುವ ತಟ್ಟೆಯನ್ನು ಬಿಚ್ಚಿ, ಅದನ್ನೇ ಅಚ್ಚಾಗಿ ಇರಿಸಿಕೊಂಡು ತಿರುಪಿನ ತೂತುಗಳನ್ನು ಗುರುತಿಸಿದರೆ ಲೆಕ್ಕ ತಪ್ಪದು. ತಿರುಪಿನ ತಲೆಗಳು ತಗಡಿನ ಮೈಯೊಳಗೆ ಮುಳುಗಿರಬೇಕು. ತಗಡು ಕೂರುವ ತಗ್ಗನ್ನು ಅದರ ದಪ್ಪಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಆಳ ತೆಗೆದು, ಸುತ್ತ ೧೨ ಮಿಲಿಮೀಟರಿನ ಅಂಚು ಉಳಿಸಿ ಒಳಗಿನದನ್ನು ಕತ್ತರಿಸಬೇಕು. ನಾಲ್ಕು ಮೂಲೆಗಳಲ್ಲಿ ಕೆಳಗಿನಿಂದ ನಾಲ್ಕು ಸಣ್ಣ ತಿರುಪುಗಳನ್ನಿಟ್ಟರೆ ತಗಡನ್ನು ಎತ್ತಿ ಇಳಿಸಿ ಹಲಗೆಯ ಮಟ್ಟಕ್ಕೆ ಸರಿಯಾಗಿ ನಿಲ್ಲಿಸಬಹುದು. ಈ ಮಟ್ಟದ ವಿಷಯದಲ್ಲಿ ಸೋಮಾರಿತನ ಸಲ್ಲದು. ಕಾಗದದಷ್ಟು ಹೆಚ್ಚುಕಡಮೆಯಾದರೂ ಪಟ್ಟಿ ಅಲ್ಲಿ ತಡೆಯುವುದು, ತಡೆದಲ್ಲಿ ಸುಟ್ಟ ಕಲೆ ಬೀಳುವುದು.

ಆಸರೆಪಟ್ಟಿಗೆ ನೆಟ್ಟನೆಯ ಎರಡು ಹಲಗೆಗಳನ್ನು ಮೂಲೆಮಟ್ಟಕ್ಕೆ ಸೇರಿಸಿ, ನಡುವೆ ಅಲಗಿಗೆ ಕಿಂಡಿ ಬಿಟ್ಟರಾಯಿತು. ಅದು ಮೇಜಿನ ಅಂಚಿಗೆ ಸಮಾನಾಂತರವಾಗಿರಬೇಕೆಂದು ಹಲವರು ಶ್ರಮಪಡುವರು. ಅಲಗು ದುಂಡಗಿರುವುದರಿಂದ ಅದು ಬೇಕಿಲ್ಲ. ಒಂದು ತುದಿಯನ್ನು ಬೋಲ್ಟಿನಿಂದ ತಿರುಗಣೆ ಮಾಡಿ, ಇನ್ನೊಂದನ್ನು ಕ್ಲಾಂಪಿನಿಂದ ಬಿಗಿದರೆ ಸಾಕು. ಇದರಲ್ಲೊಂದು ಸೊಗಸುಂಟು: ಅಲಗು ಸರಿಯಾಗಿ ನಡುವಿದ್ದರೆ, ತುದಿಯನ್ನು ೨ ಮಿಲಿಮೀಟರು ಸರಿಸಿದಾಗ ಅಲಗಿನ ಬಳಿ ಒಂದೇ ಮಿಲಿಮೀಟರು ಸರಿಯುವುದು. ಬೆಲೆಬಾಳುವ ಯಂತ್ರಗಳ ಸೂಕ್ಷ್ಮತೆ ಒಂದು ಬೋಲ್ಟಿನಲ್ಲಿ ದೊರೆತಂತಾಯಿತು. ಕಿಂಡಿಯ ಹಿಂದೆ ಒಂದು ಡಬ್ಬಿ ಮಾಡಿ ಧೂಳೆಳೆಯುವ ಯಂತ್ರದ ಕೊಳವೆಯನ್ನು ಸಿಕ್ಕಿಸಿದರೆ ಹೊಟ್ಟು ಶ್ವಾಸಕೋಶಕ್ಕೆ ಹೋಗುವುದು ಬಹಳ ಮಟ್ಟಿಗೆ ತಪ್ಪುವುದು. ಆದರೂ ಮುಖವಸ್ತ್ರವನ್ನೂ ಕನ್ನಡಕವನ್ನೂ ಬಿಡಬಾರದು.

ಯಂತ್ರದ ಗುಂಡಿ ಮೇಜಿನ ಅಡಿಯಲ್ಲಿ ಮರೆಯಾಗುವುದರಿಂದ, ಮುಂಗಾಲಿನ ಬಳಿ ಕೈಗೆಟಕುವಂತೆ ಬೇರೊಂದು ಸ್ವಿಚ್ಚು ಬೇಕು. ಅಲಗು ಬದಲಿಸುವಾಗ ಸ್ವಿಚ್ಚನ್ನು ನಂಬದೆ ಪ್ಲಗ್ಗನ್ನೇ ಕಿತ್ತಿಡತಕ್ಕದ್ದು. ಅಲಗಿನ ಕಾಂಡವನ್ನು ತಳ ಮುಟ್ಟುವವರೆಗೆ ತೂರಿಸಿ, ಮತ್ತೆ ಎರಡು ಮೂರು ಮಿಲಿಮೀಟರು ಹಿಂದಕ್ಕೆಳೆದು ಬಿಗಿಯಬೇಕು. ತಳಕ್ಕೆ ತಾಗಿದ್ದರೆ ಹಿಡಿತ ಪೂರ್ಣವಾಗದು.

ವೇಗದ ಲೆಕ್ಕವೂ ಗಮನಾರ್ಹ. ೨೫ ಮಿಲಿಮೀಟರು ವ್ಯಾಸದ ಅಲಗು ನಿಮಿಷಕ್ಕೆ ೨೨,೦೦೦ ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ ಸುಮಾರು ೧೦೩ ಕಿಲೋಮೀಟರಿನಂತೆ ಓಡುವುದು. ವ್ಯಾಸ ೫೦ ಆದರೆ ಅದೇ ಸುತ್ತಿಗೆ ೨೦೭! ಆದುದರಿಂದ ದೊಡ್ಡ ಅಲಗಿಗೆ ಸುತ್ತುಗಳನ್ನು ಅರ್ಧಕ್ಕೆ ಇಳಿಸಬೇಕು. ವೇಗ ತಗ್ಗಿಸುವ ಸೌಕರ್ಯವಿಲ್ಲದ ಯಂತ್ರಕ್ಕೆ ದೊಡ್ಡ ಅಲಗನ್ನು ತೊಡಿಸಲೇಬಾರದು. ಆಳವಾದ ತೋಡನ್ನು ಒಂದೇ ಸಲಕ್ಕೆ ತೆಗೆಯದೆ ಎರಡು ಮೂರು ಸಲಕ್ಕೆ ಹಂಚಿಕೊಳ್ಳುವುದು ಮೇಲು.

ಮೇಜಿಗೆ ನಮಗೆ ನಾಲ್ಕು ಭಾನುವಾರಗಳು ಹಿಡಿದುವು. ೩೬ ಪಟ್ಟಿಗಳಾದರೋ ಎರಡೇ ಮಧ್ಯಾಹ್ನಗಳಲ್ಲಿ ಮುಗಿದುವು. ತುದಿಯನ್ನು ದಾಟಿಸುವಾಗ ಬೆರಳಿಗೆ ಬದಲಾಗಿ ತಳ್ಳುಗೋಲನ್ನು ಹಿಡಿದೆವು. ಮಗಳು ಬಂದಿಳಿದ ದಿನ ಮನೆಯಾಕೆ ಹತ್ತಿಯ ಉಂಡೆಯೊಂದನ್ನು ತಂದು ಪ್ರತಿಯೊಂದು ಪಟ್ಟಿಯ ಮೇಲೂ ಎಳೆದು ನೋಡಿದಳು. ಎರಡು ಕಡೆ ಎಳೆ ಸಿಕ್ಕಿಕೊಂಡಿತು. ಆ ಎರಡನ್ನೂ ಉಪ್ಪುಕಾಗದದಿಂದ ಉಜ್ಜಿಕೊಟ್ಟೆವು.