ಫಿಲ್ಟರ್ ಮನೆಯಲ್ಲೇ ಇರಲಿ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಹದೇವಪುರದ ನಮ್ಮ ಮನೆಗೆ ಬಂದಿದ್ದ. ಈಗ ಇಲ್ಲಿಯೇ ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ತಂದೆತಾಯಿಯರನ್ನು ಹತ್ತು ದಿನಗಳ ಯುರೋಪ್ ಪ್ರವಾಸಕ್ಕೆ ಕರೆದೊಯ್ಯುವ ಸಿದ್ಧತೆ ನಡೆಸಿದ್ದಾನೆ. "ಸಾರ್, ತಾವು ಹೋಗಿಬಂದವರು. ಎಷ್ಟು ಕಾಫಿಪುಡಿ ಕಟ್ಟಿಕೊಳ್ಳಲಿ? ಬೆಳಿಗ್ಗೆ ನಮ್ಮ ಕಾಫಿ ಇಲ್ಲದಿದ್ದರೆ ಅಪ್ಪನಿಗೆ ಆಗುವುದೇ ಇಲ್ಲ" ಎಂದ. "ಒಂದು ಚಮಚವೂ ಬೇಡ" ಎಂದೆ. ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೆಂದು ನಕ್ಕ. ತಮಾಷೆಯಲ್ಲವೆಂದು ವಿವರಿಸುವುದಕ್ಕಾಗಿಯೇ ಈ ಬರಹ.

ನನ್ನ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. 2014ರಲ್ಲಿ ನಾನೂ ನನ್ನ ಶ್ರೀಮತಿಯೂ ಇಟಲಿಗೆ ಹೋದಾಗ ನಮ್ಮ ಪೆಟ್ಟಿಗೆಯಲ್ಲಿ ಒಂದು ಕಿಲೋ ಕಾಫಿಪುಡಿ, ಸ್ಟೀಲ್ ಫಿಲ್ಟರ್, ಎರಡು ಲೋಟ ಇದ್ದವು. ರೋಮ್ ನಗರದ ಹೋಟೆಲಿನ ಕೋಣೆಯಲ್ಲಿ ಆಕೆ ಐದು ಗಂಟೆಗೇ ಎದ್ದು, ನೀರು ಕಾಯಿಸಿ, ಸ್ನಾನದ ಮನೆಯ ಹಲಗೆಯ ಮೇಲೆ ಫಿಲ್ಟರ್ ಇಟ್ಟು ಡಿಕಾಕ್ಷನ್ ಇಳಿಸುತ್ತಿದ್ದಳು. ಮೂರನೆಯ ದಿನ ನನ್ನ ಹಟಕ್ಕಾಗಿ ನೀರಿನ ಕೆಟಲಿನಲ್ಲಿಯೇ ಹಾಲು ಕಾಯಿಸಲು ಹೋಗಿ, ಅದು ತಳ ಹತ್ತಿ ಉಕ್ಕಿ, ಕೆಟಲ್ ಕೆಟ್ಟು, ದಂಡ ತೆತ್ತದ್ದಾಯಿತು. ಆಗ ಆಕೆ ಒಂದೇ ಮಾತು ಹೇಳಿದಳು: "ರೀ, ನಾವು ಊರು ನೋಡೋಕೆ ಬಂದಿದ್ದೀವೋ, ಇಲ್ಲೂ ಅಡುಗೆಮನೆ ಹೂಡೋಕೆ ಬಂದಿದ್ದೀವೋ?"

ನಾನು ನಿರುತ್ತರನಾದೆ. ಇಬ್ಬರೂ ಕೆಳಗಿಳಿದು ಬೀದಿಯ ಕಾಫಿ ಅಂಗಡಿಗೆ ಹೋದೆವು. ಅದನ್ನು ಅಲ್ಲಿ 'ಬಾರ್' ಎಂದೇ ಕರೆಯುತ್ತಾರೆ. ಹೆಸರು ಕೇಳಿ ಬೆಚ್ಚುವ ಅಗತ್ಯವಿಲ್ಲ. ಕಚೇರಿಗೆ ಹೊರಟವರು ಕಟ್ಟೆಯ ಮುಂದೆ ನಿಂತುಕೊಂಡೇ ಪುಟ್ಟ ಬಟ್ಟಲಿನ ಎಸ್ಪ್ರೆಸೊವನ್ನು ಎರಡು ಗುಟುಕಿನಲ್ಲಿ ಮುಗಿಸಿ ಹೊರಡುತ್ತಿದ್ದರು. ನಮ್ಮ ದರ್ಶಿನಿಯ ದೃಶ್ಯವೇ! ನೊರೆ ತುಂಬಿದ ಕಪುಚಿನೊ ಆಕೆಯ ಮುಂದೆ ಬಂತು. ಮದುವೆಯಾದ ಮೂವತ್ತಮೂರು ವರ್ಷಗಳಲ್ಲಿ ಆಕೆ ಬೆಳಗಿನ ಮೊದಲ ಕಾಫಿಯನ್ನು ಬೇರೊಬ್ಬರ ಕೈಯಿಂದ ಪಡೆದು, ಬಿಸಿಯಾಗಿರುವಾಗಲೇ ಕುಡಿದದ್ದನ್ನು ನಾನು ಕಂಡದ್ದು ಅಂದೇ ಮೊದಲು. ಮನೆಯಲ್ಲಿ ಎಲ್ಲರಿಗೂ ಕೊಟ್ಟು ಮುಗಿಯುವಷ್ಟರಲ್ಲಿ ಆಕೆಯ ಲೋಟ ಆರಿರುತ್ತಿತ್ತು. ಮಕ್ಕಳಿಗೆ ಸಮಾನತೆಯ ಪಾಠ ಹೇಳಿದ ಉಪಾಧ್ಯಾಯನಿಗೆ ಇದು ತಿಳಿಯಲು ರೋಮ್‌ಗೆ ಹೋಗಬೇಕಾಯಿತು.

"ನಮ್ಮ ಕಾಫಿ" ಎಂಬ ಅಭಿಮಾನದ ಬಗೆಗೂ ಎರಡು ಮಾತು. ಕಾಫಿಯ ತವರು ಇಥಿಯೋಪಿಯಾ. ಅದನ್ನು ಪಾನೀಯವಾಗಿ ರೂಢಿಸಿದವರು ಯೆಮನ್‌ನ ಸೂಫಿಗಳು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯಾತ್ರೆಯಿಂದ ಮರಳುವಾಗ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ನಾವು ಬೆರೆಸುವ ಚಿಕೋರಿಯೂ ಯುರೋಪಿನ ರೂಢಿ. ನೆಪೋಲಿಯನ್ನನ ಕಾಲದಲ್ಲಿ ಫ್ರಾನ್ಸಿನಲ್ಲಿ ಕಾಫಿಯ ಅಭಾವ ಉಂಟಾದಾಗ ಈ ಬೇರಿನ ಬಳಕೆ ಹೆಚ್ಚಿತು. ಯಾತ್ರೆ ಮಾಡಿ ಬಂದ ವಸ್ತುವನ್ನು ಹಿಡಿದುಕೊಂಡು ನಾವು ಇನ್ನೊಂದು ಊರಿನ ರುಚಿಗೆ ಬಾಗಿಲು ಹಾಕಿಕೊಳ್ಳುವುದು ಎಂತಹ ವಿಪರ್ಯಾಸ!

ಇನ್ನೂ ಒಂದು ಸಂಗತಿ. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಬೆಳೆಯುವುದು ಕರ್ನಾಟಕದಲ್ಲಿ. ದೇಶದ ಬೆಳೆಯ ಬಹುಪಾಲು ರಫ್ತಾಗುತ್ತದೆ. ಕೊಳ್ಳುವವರಲ್ಲಿ ಇಟಲಿ ಮುಂಚೂಣಿಯಲ್ಲಿದೆ. ಎಸ್ಪ್ರೆಸೊವಿನ ಮೇಲೆ ನಿಲ್ಲುವ ಕಂದು ನೊರೆಗೆ, ಅದರ ಗಟ್ಟಿತನಕ್ಕೆ ಅಲ್ಲಿಯವರು ರೋಬಸ್ಟಾ ಬೀಜವನ್ನು ಬೆರೆಸುತ್ತಾರೆ. ಕೊಡಗಿನ ತೋಟಗಳ ಮುಖ್ಯ ಬೆಳೆ ಅದೇ. ನಾವು ಅಲ್ಲಿ ಮುಖ ಸಿಂಡರಿಸುವ ಬಟ್ಟಲಿನಲ್ಲಿ ನಮ್ಮ ಕೊಡಗಿನ ಕೂಲಿಯಾಳುಗಳು ಕಿತ್ತ ಹಣ್ಣಿನ ಸಾರವೇ ಇರಬಹುದು.

ಆ ಪ್ರವಾಸದ ನಂತರ ನಾವು ಪುಡಿ ಒಯ್ಯಲಿಲ್ಲ. 2018ರಲ್ಲಿ ಮಗಳ ಮನೆಗೆಂದು ಸಿಂಗಪುರಕ್ಕೆ ಹೋದಾಗ ಬೆಳಗಿನ ಹೊತ್ತು 'ಕೊಪಿ' ಅಂಗಡಿಗೆ ನಡೆದುಹೋಗುತ್ತಿದ್ದೆವು. ಅಲ್ಲಿ ಬೀಜವನ್ನು ಸಕ್ಕರೆ, ಬೆಣ್ಣೆಗಳೊಂದಿಗೆ ಹುರಿದು, ಉದ್ದನೆಯ ಬಟ್ಟೆಚೀಲದಲ್ಲಿ ಸೋಸಿ, ಮಂದಗೊಳಿಸಿದ ಹಾಲು ಬೆರೆಸುತ್ತಾರೆ. ಆ ಚೀಲವನ್ನು ಕಂಡು ನನ್ನ ಶ್ರೀಮತಿಗೆ ಅವಳ ಅಜ್ಜಿ ಬಟ್ಟೆಯಲ್ಲಿ ಕಾಫಿ ಸೋಸುತ್ತಿದ್ದುದು ನೆನಪಾಯಿತು. ಪಕ್ಕದ ಮೇಜಿನ ಚೀನೀ ವೃದ್ಧೆಯೊಡನೆ ಕೈಸನ್ನೆಯಲ್ಲೇ ಅರ್ಧ ಗಂಟೆ ಸಂಭಾಷಣೆ ನಡೆಸಿದಳು. ಹೋಟೆಲಿನ ಕೋಣೆಯೊಳಗಿನ ಡಿಕಾಕ್ಷನ್ ಇಂಥ ಸ್ನೇಹ ದೊರಕಿಸಿಕೊಡದು.

ವಯಸ್ಸಾದವರಿಗೆ ಅಭ್ಯಾಸ ಬಿಡುವುದು ಕಷ್ಟವೆಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಊಟದ ವಿಷಯದಲ್ಲಿ, ಔಷಧಿಯ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ಆದರೆ ಕಾಫಿಯ ವಿಷಯದಲ್ಲಿ ಕಷ್ಟವಾಗುವುದು ನಾಲಗೆಗಿಂತ ಹೆಚ್ಚಾಗಿ ಯಜಮಾನಿಕೆಗೆ. ಹತ್ತು ದಿನ ಬೇರೆ ಕಾಫಿ ಕುಡಿದರೆ ಅಪ್ಪನಿಗೆ ಏನೂ ಆಗದು. ಹತ್ತು ದಿನವೂ ಐದು ಗಂಟೆಗೆ ಎದ್ದರೆ ಅಮ್ಮನ ಪ್ರವಾಸ ಮಾತ್ರ ನಡೆಯದೇ ಹೋಗುತ್ತದೆ.

ಆದುದರಿಂದ ಹೊರಡುವಾಗ ಹುಡುಗನಿಗೆ ಒಂದು ಪ್ರಶ್ನೆ ಕೇಳಿದೆ: "ಅಪ್ಪನಿಗೆ ಏನು ಬೇಕೆಂದು ಹೇಳಿದೆಯಪ್ಪಾ. ಅಮ್ಮನನ್ನು ಕೇಳಿದೆಯಾ?" ಅವನು ಚಪ್ಪಲಿ ಮೆಟ್ಟುತ್ತಿದ್ದವನು ಹಾಗೆಯೇ ನಿಂತ. ಪರೀಕ್ಷೆಯಲ್ಲಿ ಉತ್ತರ ಹೊಳೆಯದಾಗ ನಿಲ್ಲುತ್ತಿದ್ದ ಹಾಗೆಯೇ. "ಇಲ್ಲ ಸಾರ್" ಎಂದ.

ನಮ್ಮ ಮನೆಯಲ್ಲಿ ಈಗ ಬೆಳಗಿನ ಕಾಫಿ ನನ್ನ ಪಾಳಿ. ಡಿಕಾಕ್ಷನ್ ಇನ್ನೂ ನೀರಾಗಿಯೇ ಇಳಿಯುತ್ತಿದೆ ಎಂಬುದು ಶ್ರೀಮತಿಯ ತೀರ್ಪು. ಆದರೂ ಬಿಸಿಯಾಗಿ ಕೊಡುತ್ತೇನೆ. ಈ ಕಡೆ ಬಂದಾಗ ತಾವೂ ಬಂದು ಕುಡಿದು ಹೇಳಿ.