ವೈದ್ಯರ ಗೃಹಸಾಲ ಮತ್ತು ತಾಲ್ಲೂಕು ಆಸ್ಪತ್ರೆ

ಕೃಷ್ಣರಾಜನಗರದ ಕಡೆಯ ಪರಿಚಿತ ರೈತರೊಬ್ಬರು ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಮಗಳಿಗೆ ಮೈಸೂರಿನಲ್ಲಿ, ಸರ್ಕಾರಿ ಕೋಟಾದಡಿ ಎಂ.ಡಿ. ಸೀಟು ಸಿಕ್ಕಿದೆ. ಮೂರು ವರ್ಷ ಬಾಡಿಗೆ ತೆರುವ ಬದಲು ಅಲ್ಲೇ ಫ್ಲ್ಯಾಟ್ ಕೊಂಡರೆ ಹೇಗೆ ಎಂಬುದು ಅವರ ಪ್ರಶ್ನೆ. ಒಂದೆಕರೆ ಗದ್ದೆ ಮಾರಿದರೆ ಮುಂಗಡಕ್ಕಾಗುತ್ತದೆ. ಉಳಿದದ್ದಕ್ಕೆ ಬ್ಯಾಂಕ್ ಇದೆ. 'ಡಾಕ್ಟ್ರಿಗೆ ಯಾವ ಬ್ಯಾಂಕಿನವರು ಇಲ್ಲ ಅಂತಾರೆ, ಸಾರ್?'

ಅಮೆರಿಕದಲ್ಲಿ ಈ ಮಾತು ಬಹುಮಟ್ಟಿಗೆ ನಿಜ. ಅಲ್ಲಿ ರೆಸಿಡೆನ್ಸಿಗೆ ಸೇರುವ ವೈದ್ಯರಿಗೆ ಆಸ್ಪತ್ರೆಯ ನೇಮಕಾತಿ ಕರಾರನ್ನೇ ಆಧಾರವಾಗಿಟ್ಟುಕೊಂಡು, ಅತ್ಯಲ್ಪ ಮುಂಗಡಕ್ಕೆ ಅಥವಾ ಮುಂಗಡವಿಲ್ಲದೆಯೇ ಗೃಹಸಾಲ ನೀಡುವ ಬ್ಯಾಂಕುಗಳಿವೆ. ನಮ್ಮಲ್ಲಿ ಸ್ಥಿತಿ ಬೇರೆ. ಇಲ್ಲಿ ಸ್ನಾತಕೋತ್ತರ ವೈದ್ಯರು ಹಗಲಿರುಳು ವಾರ್ಡುಗಳನ್ನು ನಡೆಸಿದರೂ ದಾಖಲೆಯಲ್ಲಿ ವಿದ್ಯಾರ್ಥಿಗಳೇ. ಕೈಗೆ ಬರುವುದು ಸಂಬಳವಲ್ಲ, ಶಿಷ್ಯವೇತನ. ಹೀಗಾಗಿ ಬ್ಯಾಂಕುಗಳು ಸಾಮಾನ್ಯವಾಗಿ ತಂದೆ ಅಥವಾ ತಾಯಿಯನ್ನು ಸಹ ಅರ್ಜಿದಾರರನ್ನಾಗಿ ಕೇಳುತ್ತವೆ. ಸಾಲ ಮಗಳ ಹೆಸರಿನಲ್ಲಿದ್ದರೂ ಹೊಣೆ ಇಡೀ ಕುಟುಂಬದ್ದು.

ಲೆಕ್ಕವನ್ನೇ ನೋಡೋಣ. 60 ಲಕ್ಷ ರೂಪಾಯಿಯ ಫ್ಲ್ಯಾಟಿಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೆಚ್ಚೆಂದರೆ ಶೇ 80, ಅಂದರೆ 48 ಲಕ್ಷ ರೂಪಾಯಿ ಸಾಲ ಸಿಗಬಹುದು. ಉಳಿದ 12 ಲಕ್ಷದ ಜೊತೆಗೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳೂ ಸೇರಿದರೆ ಕೈಯಿಂದ 16 ಲಕ್ಷಕ್ಕೂ ಮಿಕ್ಕಿ ಹಾಕಬೇಕು. ಶೇ 8ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 40,150 ರೂಪಾಯಿ. 2024ರ ಪರಿಷ್ಕರಣೆಯಂತೆ ಮೊದಲ ವರ್ಷದ ಶಿಷ್ಯವೇತನ 56,250 ರೂಪಾಯಿ. ಅದರಲ್ಲಿ ಶೇ 70ಕ್ಕೂ ಹೆಚ್ಚು ಕಂತಿಗೇ ಹೋದರೆ ಉಳಿಯುವುದೇನು? ಎಂ.ಬಿ.ಬಿ.ಎಸ್. ಕಾಲದ ಶಿಕ್ಷಣ ಸಾಲವಿದ್ದರಂತೂ ಕೇಳುವುದೇ ಬೇಡ.

ಮೊದಲ ಕೆಲವು ವರ್ಷ ಬಡ್ಡಿಯನ್ನಷ್ಟೇ ಕಟ್ಟುವ ಯೋಜನೆಗಳು ಸಂಬಳದಾರರಿಗೆ ಇವೆ. ಅಂಥದ್ದು ದೊರೆತರೂ ತಿಂಗಳಿಗೆ 32,000 ರೂಪಾಯಿ ತೆರಬೇಕು. ಅಸಲು ಒಂದು ರೂಪಾಯಿಯೂ ಇಳಿಯದು. ಬಡ್ಡಿ ದರವೂ ಒಂದೇ ಕಡೆ ನಿಲ್ಲುವುದಿಲ್ಲ. 2020ರ ಮೇ ತಿಂಗಳಲ್ಲಿ ಶೇ 4 ಇದ್ದ ರೆಪೊ ದರ 2023ರ ಫೆಬ್ರುವರಿಗೆ ಶೇ 6.5ಕ್ಕೆ ಏರಿತ್ತು.

ಇದು ಒಂದು ಕುಟುಂಬದ ಜಮಾಖರ್ಚಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ನಗರದ ಫ್ಲ್ಯಾಟಿಗೆ 20 ವರ್ಷದ ಕಂತು ಕಟ್ಟಬೇಕಾದ ವೈದ್ಯೆ ಮುಂದೆ ತಾಲ್ಲೂಕು ಆಸ್ಪತ್ರೆಯ ಕೆಲಸವನ್ನು ಆರಿಸಿಕೊಂಡಾರೆಯೇ? ಕಂತು ತೀರಿಸಲು ಹೆಚ್ಚು ಸಂಬಳದ ಖಾಸಗಿ ಆಸ್ಪತ್ರೆಯೇ ಬೇಕಾಗುತ್ತದೆ. ಹಾಗೆ ಹಳ್ಳಿಯ ಗದ್ದೆ ಮಾರಿ ಓದಿಸಿದ ಮಗಳು ಹಳ್ಳಿಗೆ ದಕ್ಕುವುದಿಲ್ಲ. ಸರ್ಕಾರ 2012ರ ಕಾಯ್ದೆಯ ಮೂಲಕ ಗ್ರಾಮೀಣ ಸೇವೆಯನ್ನು ಕಡ್ಡಾಯಗೊಳಿಸಿತು, 2023ರಲ್ಲಿ ಆ ಕಡ್ಡಾಯವನ್ನು ಸಡಿಲಿಸಿತು. ಆದರೆ ಸೇವೆಗೆ ಬರುವ ವೈದ್ಯರು ವಾಸಿಸುವುದೆಲ್ಲಿ ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರ ಸಿಗದು. ಆಡಳಿತದಲ್ಲಿದ್ದ ನನ್ನ ಅನುಭವದಲ್ಲಿ, ಸೋರದ ಸೂರು, ಬಾರದ ನೀರಿನ ಚಿಂತೆಯಿಲ್ಲದ ವಸತಿಗೃಹ ಮಾಡುವ ಕೆಲಸವನ್ನು ಯಾವ ಸುತ್ತೋಲೆಯೂ ಮಾಡಲಾರದು.

ಆಗಬೇಕಾದದ್ದು ಮೂರು. ಒಂದು, ಸ್ನಾತಕೋತ್ತರ ವೈದ್ಯರಿಗೆ ಕಾಲೇಜಿನ ಆವರಣದಲ್ಲೇ ಯೋಗ್ಯ ವಸತಿ ಮತ್ತು ತಿಂಗಳು ತಪ್ಪದ ಶಿಷ್ಯವೇತನ. ಎರಡು, ತಾಲ್ಲೂಕು ಆಸ್ಪತ್ರೆಗಳಲ್ಲಿ ಕುಟುಂಬ ಸಹಿತ ಇರಬಹುದಾದ ವಸತಿಗೃಹ. ಮೂರು, ಗ್ರಾಮೀಣ ಸೇವೆಯಲ್ಲಿ ನಿಗದಿತ ವರ್ಷ ಪೂರೈಸಿದವರಿಗೆ ಗೃಹಸಾಲದ ಬಡ್ಡಿಯಲ್ಲಿ ರಿಯಾಯಿತಿ. ಸಾಲದ ಸೌಲಭ್ಯ ಸೇವೆಯ ಹಿಂದೆ ಬರಬೇಕೇ ಹೊರತು ಮುಂದೆ ಬಂದು ಅದಕ್ಕೆ ಅಡ್ಡಲಾಗಬಾರದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಮ್ಮ ರೈತ ಮಿತ್ರರಿಗೆ ನಾನು ಹೇಳಿದ್ದಿಷ್ಟೇ: ಮೂರು ವರ್ಷ ಹಾಸ್ಟೆಲ್ಲೋ ಬಾಡಿಗೆ ಕೋಣೆಯೋ ಸಾಕು, ಶಿಕ್ಷಣ ಸಾಲವಿದ್ದರೆ ಮೊದಲು ತೀರಲಿ, ಮಗಳು ಎಲ್ಲಿ ನೆಲೆಸುತ್ತಾಳೆಂಬುದು ತಿಳಿದ ಮೇಲೆ ಮನೆಯ ಮಾತು. ಅಲ್ಲಿಯವರೆಗೆ ಗದ್ದೆ ಗದ್ದೆಯಾಗಿಯೇ ಇರಲಿ.