ಗಾಳಿ ಬಂದಾಗ ತೂರಿಕೊಳ್ಳಬೇಕು

ಗಾಳಿ ಬಂದಾಗ ತೂರಿಕೋ ಎಂಬುದು ಕಣದಲ್ಲಿ ರಾಶಿ ಮಾಡುವ ರೈತನ ಅನುಭವದ ಮಾತು. ಇಂದು ಅದು ರಾಷ್ಟ್ರದ ಜನಸಂಖ್ಯೆಗೂ ಅನ್ವಯಿಸುತ್ತದೆ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಮಹಿಳೆಯೊಬ್ಬಳಿಗೆ ಸರಾಸರಿ 3.4 ಮಕ್ಕಳು, 2019-21ರ ಸಮೀಕ್ಷೆಯಂತೆ 2.0 ಮಾತ್ರ. ಕರ್ನಾಟಕ, ಮಹಾರಾಷ್ಟ್ರಗಳೆರಡರಲ್ಲೂ ಅದು 1.7ಕ್ಕೆ ಇಳಿದಿದೆ. ಹೀಗಾಗಿ ಸಾಕಬೇಕಾದ ಮಕ್ಕಳು ಕಡಿಮೆ, ದುಡಿಯುವ ಕೈಗಳು ಹೆಚ್ಚು. ಆದರೆ ಈ ಗಾಳಿ ಸದಾ ಬೀಸುವುದಿಲ್ಲ. ಇಂದು ದುಡಿಯುವವರೇ ನಾಳಿನ ವೃದ್ಧರು. ಅವರನ್ನು ನೋಡಿಕೊಳ್ಳುವ ಮಕ್ಕಳು ಒಬ್ಬರೋ ಇಬ್ಬರೋ.

ದುಡಿಯುವವರ ಸಂಖ್ಯೆ ಕೇವಲ ಅಸಲು. ಆರೋಗ್ಯವಿದ್ದರೆ ಮಾತ್ರ ಅದು ಬಡ್ಡಿ ತರುತ್ತದೆ. ಇಲ್ಲವಾದರೆ ಅದೇ ಸಾಲವಾಗುತ್ತದೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರಿಗೆ ಇದು ಪುಸ್ತಕದ ಮಾತಲ್ಲ. ಡೊಂಬಿವಲಿಯ ಗೃಹಸ್ಥನು ಬೆಳಗಿನ ಲೋಕಲ್ ಹಿಡಿದು ಹೊರಟರೆ ಮನೆ ಸೇರುವುದು ರಾತ್ರಿಗೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಆರಂಭದಲ್ಲಿ ನೋಯಿಸುವುದಿಲ್ಲ. ಆದುದರಿಂದ ಅವನು ರಜೆ ಹಾಕಿ ವೈದ್ಯರ ಬಳಿಗೆ ಹೋಗುವುದಿಲ್ಲ. ಮೂವತ್ತು ದಾಟಿದವರನ್ನೆಲ್ಲ ಈ ರೋಗಗಳಿಗಾಗಿ ಪರೀಕ್ಷಿಸಬೇಕೆಂಬುದು ಸರ್ಕಾರದ್ದೇ ಕಾರ್ಯಕ್ರಮ. ಆದರೆ ದವಾಖಾನೆ ತೆರೆದಿರುವಾಗ ಅವನು ಗಾಡಿಯಲ್ಲೋ ಕಚೇರಿಯಲ್ಲೋ ಇದ್ದರೆ ಫಲವೇನು? ಮುಂಬಯಿಯಲ್ಲಿ 2022ರಲ್ಲಿ ಆರಂಭವಾದ ‘ಆಪ್ಲಾ ದವಾಖಾನಾ’ಗಳನ್ನು ರಾತ್ರಿಯವರೆಗೂ ತೆರೆದಿಡುವ ಕ್ರಮ ಬಂದಿತು. ಈ ಉಪನಗರಗಳಲ್ಲಿಯೂ ಪ್ರತಿಯೊಂದು ರೈಲು ನಿಲ್ದಾಣದ ಸಮೀಪ ಸಂಜೆ ಹಾಗೂ ಭಾನುವಾರದ ತಪಾಸಣೆ ದೊರೆಯಬೇಕು.

ಸ್ತ್ರೀಯರ ಆರೋಗ್ಯವನ್ನು ಮರೆತು ಮಾಡುವ ಲೆಕ್ಕವು ಅರ್ಧ ಲೆಕ್ಕವೇ. 2019-21ರ ಸಮೀಕ್ಷೆಯಂತೆ ಮಹಾರಾಷ್ಟ್ರದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 54 ಮಂದಿಗೆ ರಕ್ತಹೀನತೆ. ಓದಿದ ಹೆಣ್ಣುಮಗಳು ದಣಿವಿನಿಂದಲೋ, ಮನೆಯ ರೋಗಿಯ ಶುಶ್ರೂಷೆಗಾಗಿಯೋ ಉದ್ಯೋಗ ಬಿಟ್ಟರೆ ಸಂಸಾರಕ್ಕೂ ನಷ್ಟ, ದೇಶಕ್ಕೂ ನಷ್ಟ. ಶಾಲೆ, ಕಾಲೇಜುಗಳಲ್ಲೇ ರಕ್ತಪರೀಕ್ಷೆ ಹಾಗೂ ಕಬ್ಬಿಣಾಂಶದ ಮಾತ್ರೆಗಳ ವಿತರಣೆ ತಪ್ಪದೆ ನಡೆಯಬೇಕು.

ಇನ್ನು ಹಿರಿಯರು. ದಶಕಗಳ ಹಿಂದೆ ಊರು ಬಿಟ್ಟು ಬಂದು ಇಲ್ಲಿ ಮನೆ ಮಾಡಿದವರು ಈಗ ವೃದ್ಧರು. ಅನೇಕರ ಮಕ್ಕಳು ದೂರದೂರುಗಳಲ್ಲಿ, ಪರದೇಶಗಳಲ್ಲಿ. 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ ಯೋಜನೆಯು 70 ದಾಟಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ವಿಸ್ತರಿಸಿತು. ಸ್ವಾಗತಾರ್ಹವೇ ಸರಿ. ಆದರೆ ಅದು ಮುಖ್ಯವಾಗಿ ಆಸ್ಪತ್ರೆ ಸೇರಿದವರಿಗೆ. ತಿಂಗಳು ತಿಂಗಳೂ ಕೊಳ್ಳಬೇಕಾದ ಮಾತ್ರೆಯ ಖರ್ಚು ಮನೆಯವರದೇ. ಆ ಮಾತ್ರೆ ತಪ್ಪಿದುದರಿಂದಲೇ ಎಷ್ಟೋ ಜನ ಆಸ್ಪತ್ರೆ ಸೇರುತ್ತಾರೆ ಎಂಬುದನ್ನು ನೀತಿ ರೂಪಿಸುವವರು ಗಮನಿಸಬೇಕು.

ಕನ್ನಡ ಸಂಘಗಳು ಆರೋಗ್ಯ ಶಿಬಿರಗಳನ್ನು ನಡೆಸುವುದು ಶ್ಲಾಘನೀಯ. ಆದರೆ ವರ್ಷಕ್ಕೊಮ್ಮೆಯ ಶಿಬಿರವು ನಗರಪಾಲಿಕೆಯ ನಿತ್ಯದ ಹೊಣೆಗೆ ಬದಲಿಯಾಗಲಾರದು. ಹಿರಿಯರಿಗೆ ಆಯುಷ್ಮಾನ್ ಕಾರ್ಡು ಮಾಡಿಸಿಕೊಡುವುದು, ಸಂಜೆಯ ದವಾಖಾನೆಗಾಗಿ ನಗರಪಾಲಿಕೆಗೆ ಮನವಿ ಸಲ್ಲಿಸುವುದು, ಇವೂ ಸಂಘದ ಸೇವೆಯೇ. ಗಾಳಿ ಇನ್ನೂ ಬೀಸುತ್ತಿದೆ; ಮೊರ ಎತ್ತಲು ತಡಮಾಡಬಾರದು.